ಹೆಣದ ಮುಂದೆ ನಿಂತು ಚಿಕ್ಕಬೋರಮ್ಮ ಆಡಿದ ಮಾತು

ಶೀಳನೆರೆ ಹೋಬಳಿಯ ನಮ್ಮೂರಿನ ಡೈರಿಯಲ್ಲಿ ಹಾಲು ಅಳೆಯುವ ಚಿಕ್ಕಬೋರಮ್ಮ ಊರ ಜನರ ಎದುರು ನಿಂತು ಮಾತಾಡಿದ್ದು ಜೀವಮಾನದಲ್ಲಿ ಒಂದೇ ಸಲ. ಮಹಿಳಾ ಸಂಘದ ಸಭೆಯಲ್ಲಿ ಸ್ವಾಗತ ಹೇಳು ಎಂದರೂ ಸೆರಗು ಬಾಯಿಗಿಟ್ಟು ಹಿಂದೆ ಸರಿಯುವ ಹೆಂಗಸು. ಗಂಡ ಕಾಮಾಲೆಯಲ್ಲಿ ಹೋದ ಮೇಲೆ ಎರಡು ಹಸು, ಮುಕ್ಕಾಲು ಎಕರೆ ಗದ್ದೆ ನಂಬಿಕೊಂಡು ಒಬ್ಬನೇ ಮಗ ದಿಲೀಪನನ್ನು ಬೆಳೆಸಿದ್ದಳು.

ನಾಲ್ಕು ವರ್ಷದ ಹಿಂದೆ, ಭತ್ತದ ನಾಟಿಯ ಹೊತ್ತು. ಹೇಮಾವತಿ ನಾಲೆಯ ತೂಬಿನ ಹತ್ತಿರ ನೀರಿನ ಸರದಿಗಾಗಿ ದಿಲೀಪನಿಗೂ ಪಕ್ಕದ ಗದ್ದೆಯ ಸಂತೋಷನಿಗೂ ಮಾತಿಗೆ ಮಾತು ಬೆಳೆಯಿತು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಸಂತೋಷ ಕೈಲಿದ್ದ ಗುದ್ದಲಿ ಬೀಸಿದ. ಏಟು ಕಿವಿಯ ಹಿಂದಕ್ಕೆ ಬಿತ್ತು. ಆಸ್ಪತ್ರೆ ಸೇರುವ ಮೊದಲೇ ದಿಲೀಪನ ಉಸಿರು ನಿಂತಿತ್ತು. ಇಪ್ಪತ್ತಮೂರು ವರ್ಷ. ಸಂತೋಷ ತಾನೇ ಸ್ಟೇಷನ್ನಿಗೆ ಹೋಗಿ ಕೂತ.

ಮಾರನೆಯ ಮಧ್ಯಾಹ್ನ ಹೆಣ ಊರಿಗೆ ಬಂತು. ಜಗುಲಿಯ ಮುಂದೆ ಮಲಗಿಸುವ ಹೊತ್ತಿಗೆ ಯಾರೋ ಸಂತೋಷನ ಹುಲ್ಲಿನ ಮೆದೆಗೆ ಬೆಂಕಿ ಕೊಟ್ಟಾಗಿತ್ತು. ಬಂದಿದ್ದ ಇಬ್ಬರೇ ಪೊಲೀಸರು ಬೀದಿ ತುದಿಯಲ್ಲಿ ಫೋನು ಹಿಡಿದು ನಿಂತಿದ್ದರು. ಚಿಕ್ಕಬೋರಮ್ಮನ ತಮ್ಮ ಸಿದ್ದರಾಜು ಪೆಟ್ರೋಲ್ ಬಾಟಲಿ ಎತ್ತಿ ಕೂಗಿದ: “ಆ ಮನೆ ಉಳೀಬಾರ್ದು ಕಣ್ರಲಾ! ಒಳಗಿರೋರ್ನೂ ಸೇರ್ಸಿ ಸುಟ್ಟಾಕಿ!”

ಚಿಕ್ಕಬೋರಮ್ಮ ಮಗನ ತಲೆಯ ಹತ್ತಿರದಿಂದ ಎದ್ದಳು. ಅತ್ತೂ ಅತ್ತೂ ದನಿ ಹೂತುಹೋಗಿತ್ತು. ಜಗುಲಿ ಹತ್ತಿ ಕಂಬ ಹಿಡಿದು ನಿಂತಳು.

“ವಸಿ ನಿಂತ್ಕಳಿ. ಸತ್ತೋನು ನನ್ ಮಗ. ನಾನೂ ಒಂದ್ ಮಾತಾಡ್ತೀನಿ.”

ಗಲಾಟೆ ತಗ್ಗಿತು.

“ಆ ಮನೇಲಿ ಈಗ ಯಾರವ್ರೆ? ಸಂತೋಷ ಇಲ್ಲ. ಅವ್ನವ್ವ ಮಂಚಮ್ಮ ಅವ್ಳೆ. ಎಂಡ್ತಿ ರಂಜಿತ ಅವ್ಳೆ, ಏಳ್ ತಿಂಗಳ ಬಸ್ರಿ. ಗುದ್ದಲಿ ಬೀಸ್ದೋರು ಅವ್ರಾ? ನಂಗೆ ಕ್ವಾಪ ಇಲ್ಲ ಅನ್ಕಬೇಡಿ. ಅವ್ನು ಸಿಕ್ಕುದ್ರೆ ಕೈಯಾರೆ ಸಿಗ್ದಾಕ್ಬೇಕು ಅನ್ನುಸ್ತದೆ. ಅವ್ನಿಗೆ ಕೋರ್ಟದೆ, ನಾನೇ ಓಗಿ ಸಾಕ್ಷಿ ಏಳ್ತೀನಿ. ನೀವು ದಿಲೀಪನ ಎಸ್ರೇಳ್ಕಂಡು ಬೆಂಕಿ ಇಕ್ಕುದ್ರೆ ನಾಳೆ ಜನ ಅವನ್ನ ಏನಂತ ನೆನೀತಾರೆ? ಯಾರ್ ಎಸ್ರಲ್ಲಿ ಬಸ್ರೀನ ಸುಟ್ರೋ ಆ ದಿಲೀಪ ಅಂತಾರೆ. ಸತ್ತೋನ್ ತಲೆಗೆ ಆ ಪಾಪ ಕಟ್ಬೇಡಿ. ಬನ್ನಿ, ನನ್ ಮಗೀಗೆ ಎಗಲು ಕೊಡಿ.”

“ನೀನು ತಾಯೇನಕ್ಕಾ?” ಎಂದ ಸಿದ್ದರಾಜು.

“ತಾಯಿ ಕಣ್ಲಾ. ಅದ್ಕೇ ಏಳ್ತಾ ಇವ್ನಿ.”

ದಿಲೀಪನ ಜೊತೆ ಕಬಡ್ಡಿ ಆಡುತ್ತಿದ್ದ ಕರಿಯಪ್ಪ ಕೈಲಿದ್ದ ದೊಣ್ಣೆಯನ್ನು ಚರಂಡಿಗೆಸೆದು ಚಟ್ಟದ ಹತ್ತಿರ ಬಂದ. ಆಮೇಲೆ ಒಬ್ಬೊಬ್ಬರಾಗಿ ಬಂದರು. ಸಿದ್ದರಾಜು ಮಾತ್ರ ಬೈಕು ಹತ್ತಿ ಹೊರಟುಹೋದ. ಸೋದರಮಾವನಿಲ್ಲದೆಯೇ ಮಣ್ಣಾಯಿತು. ತಿಥಿಗೂ ಅವನು ಬರಲಿಲ್ಲ, ಇವತ್ತಿಗೂ ಅಕ್ಕನ ಹೊಸಿಲು ತುಳಿದಿಲ್ಲ.

ವಾರದೊಳಗೆ ಮಂಚಮ್ಮ ಸೊಸೆಯನ್ನು ಕರೆದುಕೊಂಡು ನಾಗಮಂಗಲದ ನೆಂಟರ ಮನೆ ಸೇರಿದಳು. ಊರೇನೂ ಚಿಕ್ಕಬೋರಮ್ಮನನ್ನು ಹೊಗಳಲಿಲ್ಲ. ಕಲ್ಲೆದೆಯವಳು ಎಂದಿತು. ಒಮ್ಮೆ ಡೈರಿಯ ಹತ್ತಿರ ಸಿಕ್ಕಾಗ ನನ್ನೊಡನೆ ಅವಳೇ ಅಂದಳು: “ಒಂದೊಂದ್ ದಿನ ನಂಗೂ ಅನ್ನುಸ್ತದೆ, ಸುಟ್ಟೋಗ್ಲಿ ಅಂತ ಬುಟ್ಬುಡ್ಬೇಕಿತ್ತು ಅಂತ. ಯಾರ್ಗೂ ಏಳ್ಬೇಡ.”

ಹೇಳಿದಂತೆ ಕೋರ್ಟಿಗೆ ಹೋಗಿ ಸಾಕ್ಷಿ ನುಡಿದಳು. ಹೋದ ವರ್ಷ ಸಂತೋಷನಿಗೆ ಹತ್ತು ವರ್ಷ ಶಿಕ್ಷೆಯಾಯಿತು. ಅವತ್ತು ಕೋರ್ಟಿನ ಜಗುಲಿಯಲ್ಲಿ ಮಂಚಮ್ಮ ಓಡಿಬಂದು ಕಾಲು ಹಿಡಿಯಲು ಬಗ್ಗಿದಳು. ಚಿಕ್ಕಬೋರಮ್ಮ ಕಾಲು ಹಿಂದಕ್ಕೆಳೆದುಕೊಂಡಳು.

“ಬ್ಯಾಡ ಮಂಚಮ್ಮ. ಅದೊಂದ್ ನನ್ ಕೈಲಾಗಕಿಲ್ಲ.”

ಗೋಡೆಗೆ ಒರಗಿದ್ದ ರಂಜಿತಳ ಸೊಂಟದಲ್ಲಿ ಒಂದು ಮಗು ನಿದ್ದೆ ಹೋಗಿತ್ತು. ಚಿಕ್ಕಬೋರಮ್ಮ ಅದರ ಕಡೆ ಒಮ್ಮೆ ನೋಡಿದಳು. ಹೆಸರೇನೆಂದೂ ಕೇಳದೆ ಮೆಟ್ಟಿಲಿಳಿದು ಬಸ್ಸಿಗೆ ನಡೆದಳು.