ತಪ್ಪುರಿ ಅಜ್ಜಿ

ಬೆಳಗಾಗುತ್ತಲೇ ಬಂದರಿನ ಓಣಿಯಲ್ಲಿ ಸೌಟು ಪಾತ್ರೆಯ ತಳಕ್ಕೆ ತಾಗುವ ಸದ್ದು ಕೇಳಿಸಿತೆಂದರೆ ಕಿನುಯೋ ಅಜ್ಜಿಯ ಸಾರಿನಂಗಡಿ ತೆರೆಯಿತೆಂದೇ ಅರ್ಥ. ‘ತಪ್ಪುರಿ’ ಎನ್ನದೆ ಅವರ ಸೌಟು ಮೇಲೇಳುವುದಿಲ್ಲ. ಧಾರಾಳವಾಗಿ, ತುಂಬಿ ತುಳುಕುವಷ್ಟು ಎಂಬರ್ಥದ ಆ ಒಂದೇ ಮಾತಿನೊಂದಿಗೆ ಮೂಲಂಗಿ, ಮೀನು ಎಲ್ಲ ಬಟ್ಟಲಿಗೆ ಬೀಳುತ್ತವೆ. “ಸಾಕಜ್ಜೀ, ಇದ್ರಲ್ಲಿ ದೋಣಿ ಬಿಡ್ಬೋದು!” ಎಂದು ಮೀನುಗಾರರು ಗೋಗರೆದರೆ, “ಬಾಯ್ಮುಚ್ಕೊಂಡು ಕುಡಿಯೋ, ಗಾಳಿಗೆ ಹಾರೋ ಹಾಗಿದ್ದೀಯ” ಎಂದು ಇನ್ನೊಂದು ಸೌಟು ಸುರಿಯುತ್ತಾರೆ. ನೆಗಡಿಯಾದವನಿಗೆ ನಿದ್ದೆ ತಪ್ಪುರಿ, ಹೊಸ ಮದುಮಗಳಿಗೆ ತಾಳ್ಮೆ ತಪ್ಪುರಿ, ಎಲ್ಲದಕ್ಕೂ ಅದೇ ಅಳತೆ. ಮೊದಲ ಬಟ್ಟಲನ್ನು ಮಾತ್ರ ಯಾರಿಗೂ ಕೊಡುವುದಿಲ್ಲ. ಎಷ್ಟೋ ಚಳಿಗಾಲಗಳ ಹಿಂದೆ ಕಡಲಿಗೆ ಹೋಗಿ ಹಿಂದಿರುಗದ ಗಂಡ ತೊಕುಜಿಯ ಹೆಸರಿನಲ್ಲಿ ಅದನ್ನು ಮುಚ್ಚಿಡುತ್ತಾರೆ. ಮುಚ್ಚಳದೊಳಗೆ ಹನಿ ಕಟ್ಟಿದರೆ ದೂರ ಹೋದವರು ಕ್ಷೇಮವೆಂಬುದು ನಮ್ಮವರ ನಂಬಿಕೆ. ಅದಕ್ಕೇ ಆ ಬಟ್ಟಲಿನ ಸಾರು ಕೈ ಸುಡುವಷ್ಟು ಬಿಸಿಯಿರಬೇಕು. ಇವತ್ತು ಮುಚ್ಚಳ ತೆಗೆದು, ಅಂಗಡಿಯಲ್ಲಿ ಬಟ್ಟಲು ತೊಳೆಯುತ್ತಿದ್ದ ನನ್ನ ಮುಂದೆ ಹಿಡಿದರು. “ನೋಡೇ, ಹನಿ ತಪ್ಪುರಿ ಇದೆ. ಸಾರು ಆರೋದ್ರೊಳಗೆ ಅವ್ರು ಬಂದ್ರೆ…” ಎನ್ನುತ್ತ, ಮುಚ್ಚಳವನ್ನು ಕೈಯಲ್ಲೇ ಹಿಡಿದು ದೋಣಿಕಟ್ಟೆಯ ಕಡೆ ನಡೆದುಬಿಟ್ಟರು.