ದೋಣಿಗೆ ಬಂದವರು, ಉಂಡವರು

ನನ್ನ ಅತ್ತೆಗೆ ನನ್ನ ಮೇಲಿದ್ದ ದೊಡ್ಡ ದೂರು ಎಂದರೆ ನನಗೆ ಹಂದಿ ಸಾಕಲು ಬರುವುದಿಲ್ಲ ಎಂಬುದು. ನಮ್ಮ ಮಂದಿ ತಲೆತಲಾಂತರದಿಂದ ಹಂದಿ ಸಾಕಿದವರು. ಆದರೆ ನನ್ನಪ್ಪ ರೇಲ್ವೆ ಗ್ಯಾಂಗಿನಲ್ಲಿ ಕೂಲಿಗೆ ಸೇರಿ, ಕಲಬುರಗಿ ಸ್ಟೇಷನ್ನಿನ ಹಿಂದಿನ ಗುಡಿಸಲಲ್ಲಿ ನಮ್ಮನ್ನು ಬೆಳೆಸಿದರು. ನನ್ನನ್ನು ನಾಲ್ಕನೆಯ ಇಯತ್ತೆಯವರೆಗೆ ಶಾಲೆಗೂ ಕಳಿಸಿದರು. ಆಗ ಹೈದರಾಬಾದ್ ಸಂಸ್ಥಾನದ ಕಾಲ, ಶಾಲೆಯಲ್ಲಿ ಎಲ್ಲವೂ ಉರ್ದು. ಹೀಗಾಗಿ ಮನೆಯಲ್ಲಿ ಕನ್ನಡ ಆಡುವ ನಾನು ಬರೆಯುವುದು ಉರ್ದುವಿನಲ್ಲಿ. ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. ಕಮಲಾಪುರದ ಸೊಸೆಯಾಗಿ ಹೋದಾಗ ಅತ್ತೆ ನನ್ನ ಕೈಗಳನ್ನು ತಿರುವಿ ನೋಡಿ, ಇವು ಬಳಪ ಹಿಡಿದ ಕೈ, ಬುಟ್ಟಿ ಹೊರುವ ಕೈಯಲ್ಲ ಎಂದಿದ್ದರು.

ಪೊಲೀಸ್ ಆ್ಯಕ್ಷನ್ ಆಗಿ ಸಂಸ್ಥಾನ ಹೋದ ಎರಡು ವರ್ಷಕ್ಕೆ ಸರ್ಕಾರದವರು ಕೋಟನೂರ ಕಡೆ ಒಂದು ಹಂದಿ ದೊಡ್ಡಿ ತೆರೆದರು. ದೂರದಿಂದ ರೈಲಿನಲ್ಲಿ ತರಿಸಿದ ಬಿಳಿ ಹಂದಿಗಳು, ನಮ್ಮ ಊರ ಕರಿ ಹಂದಿಯ ಎರಡರಷ್ಟು ಮೈ. ಅವುಗಳ ಚಾಕರಿಗೆ ಊರವರು ಯಾರೂ ಒಪ್ಪಲಿಲ್ಲ. ಯಾರೋ ಅತ್ತೆಯ ಹೆಸರು ಹೇಳಿದರು. ಅತ್ತೆ ಕಮಲಾಪುರದ ಮನೆಗೆ ಕದ ಹಾಕಿ, ಮಗನನ್ನೂ ನನ್ನನ್ನೂ ಕರೆದುಕೊಂಡು ದೊಡ್ಡಿಯ ಪಕ್ಕದ ಕೋಣೆಗೆ ಬಂದರು. ನನ್ನ ಗಂಡ ಫರ್ಸಿ ಕಲ್ಲು ಹಾಸುವ ಕೆಲಸದವರು. ದೊಡ್ಡಿಯ ನೆಲ ಹಾಸಿದ್ದೂ ಅವರೇ.

ದೊಡ್ಡಿಯ ಡಾಕ್ಟರು ಧಾರವಾಡದ ಕಡೆಯವರು, ವಯಸ್ಸು ಚಿಕ್ಕದು. ಒಂದೇ ಅಂಕಣದಲ್ಲಿ ಹದಿನಾಲ್ಕು ಹೆಣ್ಣು ಹಂದಿಗಳನ್ನು ಕೂಡಿಹಾಕಿ, ಒಂದೇ ಕಲ್ಲಿನ ದೋಣಿಯಲ್ಲಿ ನುಚ್ಚು, ತೌಡು, ಶೇಂಗಾ ಹಿಂಡಿ ಕಲಸಿ ಹಾಕಿಸುತ್ತಿದ್ದರು. ಕೆಲವು ದುಂಡಗೆ ಬೆಳೆದವು. ಮೂರು ಮಾತ್ರ ಬೆನ್ನೆಲುಬು ಕಾಣುವಷ್ಟು ಸೊರಗಿದವು. ಡಾಕ್ಟರು ಜಂತಿನ ಔಷಧಿ ಕುಡಿಸಿದರು, ಕಣ್ಣಿನ ರೆಪ್ಪೆ ಎತ್ತಿ ನೋಡಿದರು. ಕೊನೆಗೆ ಇದೇನೋ ರೋಗ, ಉಳಿದವಕ್ಕೆ ಹತ್ತುವ ಮೊದಲು ಮೂರನ್ನೂ ಕಟುಕರಿಗೆ ಕಳಿಸಬೇಕು ಎಂದರು.

ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದರು.

"ರೋಗ ಅಲ್ರೀ ಸಾಹೇಬ್ರ, ಹಸಿವಿ ಅದ."

ಎಲ್ಲಕ್ಕೂ ಸಾಕಾಗುವಷ್ಟು ತೂಗಿ ಕೊಡುತ್ತಿದ್ದೇನಲ್ಲ ಎಂದು ಡಾಕ್ಟರು ಕೇಳಿದರು.

"ನೀವು ಹಾಕೋದು ಬ್ಯಾರೆ, ಅವು ಉಣ್ಣೋದು ಬ್ಯಾರೆ ರೀ."

ಡಾಕ್ಟರು ಸಿಟ್ಟಾಗಲಿಲ್ಲ. ಹಾಗಿದ್ದರೆ ಎಂಟು ದಿನ ಅವಕಾಶ ಕೊಡುತ್ತೇನೆ, ಯಾವುದು ಎಷ್ಟು ತಿನ್ನುತ್ತದೆ ಬರೆದು ತೋರಿಸಿರಿ ಎಂದರು. ಬರೆಯುವುದು ಎಂದಾಗ ಅತ್ತೆ ಮೊದಲ ಬಾರಿಗೆ ನನ್ನ ಕಡೆ ತಿರುಗಿ ನೋಡಿದರು.

ಮರುದಿನ ಬೆಳಿಗ್ಗೆ ನಾವಿಬ್ಬರೂ ಅಂಕಣದ ಗೋಡೆಯ ಮೇಲೆ ಕುಳಿತೆವು. ನನ್ನ ತೊಡೆಯ ಮೇಲೆ ಒಂದು ವಹಿ, ಪಕ್ಕದಲ್ಲಿ ಆಫೀಸಿನಿಂದ ತಂದ ಗಡಿಯಾರ. ಎಲ್ಲವೂ ಬಿಳಿ, ಎಲ್ಲವೂ ಒಂದೇ. ಯಾವುದು ಯಾವುದೆಂದು ನನಗೆ ತಿಳಿಯಲಿಲ್ಲ. ಅತ್ತೆಗೆ ಅದೊಂದು ತೊಡಕೇ ಅಲ್ಲ. ದೋಣಿಗೆ ಅಡ್ಡ ನಿಲ್ಲುವ ದೊಡ್ಡದು ಗೌಡ್ತಿ. ಕಿವಿ ಹರಿದದ್ದು ಹರಕಿ. ಸೊರಗಿದ ಮೂರರಲ್ಲಿ ದನಿಯೇ ಮಾಡದ್ದು ಮೂಗಿ, ಯಾವಾಗಲೂ ಅದರ ಬೆನ್ನಿಗಿರುವುದು ತಂಗಿ, ಬಾಗಿಲ ಹತ್ತಿರ ಒಂಟಿಯಾಗಿ ಮಲಗುವುದು ಬಡವಿ. ಅತ್ತೆ ಹಂದಿಗಳು ತಿಂದವು ಎನ್ನುತ್ತಿರಲಿಲ್ಲ, ಉಂಡವು ಎನ್ನುತ್ತಿದ್ದರು. ನಾನೂ ಹಾಗೆಯೇ ಬರೆದೆ. ದೋಣಿಗೆ ಬಂದದ್ದು, ಉಂಡದ್ದು, ಎದ್ದು ಹೋದದ್ದು ಎಂದು ಗೆರೆ ಹಾಕಿ ಮೂರು ಮನೆ ಮಾಡಿದ್ದೆ.

ಎರಡು ದಿನ ನಾನು ಗೌಡ್ತಿಯೇ ಎಲ್ಲವನ್ನೂ ತಿನ್ನುತ್ತದೆ ಎಂದುಕೊಂಡಿದ್ದೆ. ಗಡಿಯಾರ ನೋಡಿದರೆ ಹಾಗಿರಲಿಲ್ಲ. ಅದು ತುಸು ಹೊತ್ತು ಉಂಡು, ಆಮೇಲೆ ಸುಮ್ಮನೆ ದೋಣಿಗೆ ಭುಜ ಕೊಟ್ಟು ನಿಲ್ಲುತ್ತಿತ್ತು. ಅತ್ತೆ ನನ್ನ ಮೊಣಕೈ ಮುಟ್ಟಿ, ಬಾಯಿ ನೋಡಬೇಡ, ಯಾರನ್ನು ನೋಡಿ ಯಾರು ತಲೆ ಎತ್ತುತ್ತಾರೆ ಅದನ್ನು ನೋಡು ಎಂದರು. ಆಗ ಕಂಡಿತು. ಗೌಡ್ತಿ ಬರೀ ಕಿವಿ ಅಲುಗಿಸಿದರೂ ಮೂಗಿ ಬಾಯಲ್ಲಿದ್ದ ತುತ್ತು ಬಿಟ್ಟು ಹಿಂದೆ ಸರಿಯುತ್ತಿತ್ತು. ಕಚ್ಚಾಟವಿಲ್ಲ, ಗದ್ದಲವಿಲ್ಲ, ಅದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ದೊಡ್ಡವು ಕೆಸರಿನಲ್ಲಿ ಹೊರಳುವಾಗ ಮೂಗಿ, ತಂಗಿ ಮೆಲ್ಲಗೆ ದೋಣಿಗೆ ಬರುತ್ತಿದ್ದವು. ಅಷ್ಟರಲ್ಲಿ ಅಲ್ಲಿ ಉಳಿದಿರುತ್ತಿದ್ದದ್ದು ತೌಡಿನ ನೀರು. ನಾನು ನಾಲ್ಕನೆಯ ಮನೆಯೊಂದನ್ನು ಮಾಡಿ, ಯಾರು ಎಬ್ಬಿಸಿದರು ಎಂದು ಬರೆಯತೊಡಗಿದೆ.

ಊಟದ ಹೊತ್ತಿಗೆ ಅತ್ತೆ ರೊಟ್ಟಿ ಮುರಿದು ನನ್ನ ಕೈಗಿಡುತ್ತಿದ್ದರು, ಬರೆದದ್ದನ್ನು ಓದಿಸುತ್ತಿದ್ದರು. ನಾಲ್ಕನೆಯ ದಿನ ನಾನು ಮೊದಲ ದಿನದ ಪುಟ ಓದಿದಾಗ ಅವರು ವಹಿಯ ಕಡೆ ಬಾಗಿ ನೋಡಿದರು.

"ಅವತ್ತು ಉಂಡ ಹಂದಿ ಇದರಾಗ ಇನ್ನಾ ಉಣ್ಣಾಕತ್ತದಲ್ಲ," ಎಂದರು. "ನಾ ಇಷ್ಟು ವರ್ಷ ನೋಡಿದ್ದೆಲ್ಲಾ ಎಲ್ಲಿ ಹೋತೋ ಏನೋ."

ಅಂದಿನಿಂದ ಅವರು ನನ್ನ ಕೈಗಳ ಮಾತು ಎತ್ತಲಿಲ್ಲ.

ಒಂಬತ್ತನೆಯ ದಿನ ವಹಿ ಕೊಟ್ಟರೆ ಡಾಕ್ಟರಿಗೆ ಉರ್ದು ಓದಲು ಬರಲಿಲ್ಲ. ಆಫೀಸಿನ ಮುನ್ಶಿಯವರನ್ನು ಕರೆದರು. ಅವರು ಕಲಬುರಗಿಯ ಹಳೆಯ ವೈಷ್ಣವ ಮನೆತನದವರು, ಮನೆಯಲ್ಲಿ ಮರಾಠಿ, ಬರಹವೆಲ್ಲ ಉರ್ದುವಿನಲ್ಲಿ. ವಹಿಯನ್ನು ಕಟ್ಟೆಯ ಮೇಲೆ ಇಡಲು ನನಗೆ ಹೇಳಿ, ನಾನು ಹಿಂದೆ ಸರಿದ ಮೇಲೆ ಎತ್ತಿಕೊಂಡರು. ಆದರೆ ಓದತೊಡಗಿದ ಮೇಲೆ ನಿಲ್ಲಿಸಲಿಲ್ಲ. ಮಧ್ಯೆ ಒಮ್ಮೆ ತಲೆ ಎತ್ತಿ, ನನ್ನ ಅಕ್ಷರ ಚೊಕ್ಕಟವಾಗಿದೆ ಎಂದು ಡಾಕ್ಟರಿಗೆ ಹೇಳಿದರು. ಮೂಗಿ ಎಂಟು ದಿನದಲ್ಲಿ ಒಮ್ಮೆಯೂ ಹೊಟ್ಟೆ ತುಂಬ ಉಂಡಿಲ್ಲ ಎಂಬಲ್ಲಿಗೆ ಬಂದಾಗ ಡಾಕ್ಟರು ಎದ್ದು ಹೊರಗೆ ನಡೆದರು. ಮಧ್ಯಾಹ್ನದವರೆಗೆ ಒಬ್ಬರೇ ಅಂಕಣದ ಗೋಡೆಯ ಬಳಿ ನಿಂತು ಹಂದಿಗಳನ್ನು ನೋಡಿದರು. ಬಂದವರೇ ನನ್ನ ಗಂಡನನ್ನು ಕರೆಸಿ, ಎದುರು ಮೂಲೆಯಲ್ಲಿ ಇನ್ನೊಂದು ದೋಣಿ ಕೂಡಿಸಲು ಹೇಳಿದರು.

ಮೂರು ದಿನ ಗೌಡ್ತಿ ಒಂದು ದೋಣಿಯಿಂದ ಇನ್ನೊಂದಕ್ಕೆ ಓಡಾಡಿ ಎರಡನ್ನೂ ಕಾಯ್ದುಕೊಂಡಿತು. ಡಾಕ್ಟರ ಮುಖ ಇಳಿಯಿತು. ನಡುವೆ ಸೊಂಟದೆತ್ತರ ಫರ್ಸಿ ನಿಲ್ಲಿಸಿದರೆ ಗೌಡ್ತಿಗೆ ಆಚೆ ಕಡೆಯವರು ಕಾಣುವುದಿಲ್ಲ, ಕಾಣದವರನ್ನು ಅದು ಕಾಯುವುದೂ ಇಲ್ಲ ಎಂದು ಅತ್ತೆ ಹೇಳಿದರು. ನನ್ನ ಗಂಡ ಒಂದೇ ದಿನದಲ್ಲಿ ಆ ಅಡ್ಡಗೋಡೆ ಎಬ್ಬಿಸಿದರು. ಮರುದಿನ ಬೆಳಿಗ್ಗೆ, ಬಿಸಿಲೇರುವ ಮೊದಲೇ, ಮೂಗಿ ಮತ್ತು ತಂಗಿ ಆಚೆಯ ದೋಣಿಯಲ್ಲಿ ಪಕ್ಕಪಕ್ಕ ನಿಂತು ಉಂಡವು. ದೋಣಿ ನೆಕ್ಕಿ ಮುಗಿಸುವವರೆಗೆ ತಲೆ ಎತ್ತಲಿಲ್ಲ. ನಾನು ಗಡಿಯಾರ ನೋಡುವುದನ್ನೇ ಮರೆತೆ.

ಬಡವಿ ಮಾತ್ರ ಉಳಿಯಲಿಲ್ಲ. ಅದಕ್ಕೆ ನಿಜವಾಗಿಯೂ ರೋಗವಿತ್ತು, ಡಾಕ್ಟರು ಹೇಳಿದ್ದು ಆ ಒಂದರ ಮಟ್ಟಿಗೆ ಸರಿ. ಅತ್ತೆ ಮೂರೂ ಹಸಿವೆಯೇ ಎಂದದ್ದು ತಮ್ಮ ತಪ್ಪು ಎಂದು ಡಾಕ್ಟರ ಮುಂದೆ ಒಪ್ಪಿಕೊಂಡರು. ಆಮೇಲೆ ನನ್ನನ್ನು ಕೂಡಿಸಿಕೊಂಡು ಬಡವಿಯ ಸಾಲುಗಳನ್ನಷ್ಟೇ ಮತ್ತೆ ಓದಿಸಿದರು. ಮೂಗಿಯ ಮುಂದೆ ನಾಲ್ಕನೆಯ ಮನೆ ತುಂಬಿತ್ತು, ಬಡವಿಯ ಮುಂದೆ ಅದು ಖಾಲಿ. ಯಾರೂ ಎಬ್ಬಿಸದೆ ತಾನಾಗಿಯೇ ದೋಣಿಗೆ ಬಂದು, ಮೂಸಿ, ತಿರುಗಿ ಹೋಗಿತ್ತು. ಬರೆದವಳು ನಾನೇ, ಆದರೂ ನನಗೆ ತಿಳಿದಿರಲಿಲ್ಲ.

ಅಲ್ಲಿಂದ ಮುಂದೆ ಆ ಖಾಲಿ ಮನೆಯ ಮೇಲೆಯೇ ನಮ್ಮ ಕಣ್ಣು. ಎರಡು ತಿಂಗಳ ಮೇಲೆ ಹರಕಿ ಒಂದು ಬೆಳಿಗ್ಗೆ ಹಾಗೆ ಮೂಸಿ ತಿರುಗಿತು. ಮೈ ಮುಟ್ಟಿದರೆ ಬಿಸಿ ಇರಲಿಲ್ಲ, ನಡಿಗೆಯೂ ಸರಿಯಾಗಿತ್ತು. ಆದರೂ ಹೋಗಿ ಹೇಳಿದೆವು. ಡಾಕ್ಟರು ನಂಬಿ ಅದನ್ನು ಬೇರೆ ಕೂಡಿಹಾಕಿದರು, ಮರುದಿನ ಜ್ವರ ಬಂತು, ಔಷಧಿ ಸಿದ್ಧವಿತ್ತು. ವಾರದಲ್ಲಿ ಹರಕಿ ದೋಣಿಗೆ ಮರಳಿತು.

ಡಾಕ್ಟರು ಮೇಲಿನವರಿಗೆ ಬರೆದು ನನ್ನನ್ನೂ ಕೆಲಸಕ್ಕೆ ಸೇರಿಸಿಕೊಂಡರು. ಕಾಗದದಲ್ಲಿ ನನ್ನ ಕೆಲಸದ ಹೆಸರು ನಿಗಾ ಎಂದಿತ್ತು. ಇನ್ನು ಆಫೀಸಿನಲ್ಲಿ ಉರ್ದು ಹೋಗಿ ಕನ್ನಡ ಬರುತ್ತದೆಯಂತೆ ಎಂದು ಮುನ್ಶಿಯವರು ಕಟ್ಟೆಯ ಫರ್ಸಿಯ ಮೇಲೆ ಇದ್ದಿಲಿನಿಂದ ಅಕ್ಷರ ಬರೆದು ತೋರಿಸತೊಡಗಿದರು. ಅವರು ಕೊನೆಯವರೆಗೂ ವಹಿಯನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ಆದರೆ ಒಂದು ದಿನವೂ ಪಾಠ ತಪ್ಪಿಸಲಿಲ್ಲ, ಒಂದು ಒತ್ತಕ್ಷರ ತಪ್ಪಿದರೂ ಬಿಡುತ್ತಿರಲಿಲ್ಲ. ಎರಡನ್ನೂ ನಾನು ಮರೆತಿಲ್ಲ.

ಕಮಲಾಪುರದ ಸಂತೆಯ ದಿನ ಅತ್ತೆ ಬಸ್ಸು ಹತ್ತಿ ಹೋದರೆ ಅಲ್ಲಿಯ ನಮ್ಮ ಹೆಂಗಸರೆಲ್ಲ ಸುತ್ತ ಕೂಡುತ್ತಿದ್ದರಂತೆ. ಮರಿ ಸೊರಗಿದರೆ ಔಷಧಿ ಕೇಳುವ ಮೊದಲು ಒಂದು ದಿನ ಕುಳಿತು ನೋಡಿ ಎಂದು ಅತ್ತೆ ಹೇಳಿ ಬರುತ್ತಿದ್ದರು.

ಮರುವರ್ಷ ಮಳೆಗಾಲಕ್ಕೆ ಮೂಗಿ ಒಂಬತ್ತು ಮರಿ ಹಾಕಿತು. ಮೊದಲ ದಿನ ಒಂದರ ಮೇಲೊಂದು ಬಿದ್ದು ಒದ್ದಾಡಿದ ಮರಿಗಳು ಮೂರನೆಯ ದಿನಕ್ಕೆ ತಮ್ಮ ತಮ್ಮ ಜಾಗ ಹಿಡಿದುಬಿಟ್ಟಿದ್ದವು. ಒಂದೊಂದು ಮರಿಗೆ ಒಂದೊಂದು ಮೊಲೆ, ಅದನ್ನು ಬಿಟ್ಟು ಬೇರೆಯದಕ್ಕೆ ಅವು ಬಾಯಿ ಹಾಕುವುದಿಲ್ಲ ಎಂದು ಅತ್ತೆ ತೋರಿಸಿದರು. ಕೊನೆಯ ಮೊಲೆಯ ಸಣ್ಣ ಮರಿ ಎಲ್ಲರಿಗಿಂತ ಜೋರಾಗಿ ಕಾಲೂರಿ ಚೀಪುತ್ತಿತ್ತು.

"ಇದನ್ನ ಮೊದಲ ಬರಿ," ಎಂದರು ಅತ್ತೆ. ನಾನು ಕನ್ನಡದಲ್ಲಿ ಬರೆದುಕೊಂಡೆ.