ಕೊಳಾಯಿಯೊಳಗಿನ ಮದ್ದು

ಮೊನ್ನೆ ಮೊಮ್ಮಗಳ ಮಂಡಿ ತರಚಿತ್ತು. ಒರೆಸಲೆಂದು ಕಂದು ಅಯೋಡಿನ್ ಸೀಸೆಯ ಮುಚ್ಚಳ ತೆಗೆದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ತಮಿಳುನಾಡಿನ ದಿಂಡಿಗಲ್ ಆಸ್ಪತ್ರೆಯ ಡಯಾಲಿಸಿಸ್ ನರ್ಸಮ್ಮ ಕಣ್ಣ ಮುಂದೆ ಬಂದು ನಿಂತರು...

ತೊಂಬತ್ತರ ದಶಕದ ಕೊನೆ ಅದು. ಅವ್ವನ ಮೂತ್ರಪಿಂಡಗಳು ಕೈಕೊಟ್ಟಿದ್ದವು. ವಾರಕ್ಕೆರಡು ಸಲ ನಮ್ಮೂರು ಕಂಬಂನಿಂದ ಬಸ್ಸಿನಲ್ಲಿ ಅವಳನ್ನು ಆ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆ. ಕೈಯ ರಕ್ತನಾಳ ಇನ್ನೂ ಯಂತ್ರಕ್ಕೆ ಹದವಾಗಿರಲಿಲ್ಲ. ಅದಕ್ಕೇ ಕುತ್ತಿಗೆಯ ಬುಡದಲ್ಲಿ ಎರಡು ಬಾಯಿಯ ಕೊಳವೆ ಇಟ್ಟಿದ್ದರು. ಮೊದಲ ದಿನ ಅವ್ವ "ಅಯ್ಯೋ, ನೋಯ್ತದೆ" ಎಂದು ನರಳಿದಳು. ಅಲ್ಲಿಯವರೆಗೆ ತಮಿಳಿನಲ್ಲಿ ಮಾತಾಡುತ್ತಿದ್ದ ನರ್ಸಮ್ಮ ಥಟ್ಟನೆ ನಮ್ಮ ಮನೆಮಾತು ಕನ್ನಡಕ್ಕೆ ಬಂದರು.

"ಬಯಪಡಬ್ಯಾಡವ್ವಾ, ನಾನೂ ನಿಮ್ಮೋಳೇ. ವೇದಸಂದೂರ್ ಪಕ್ಕ ನಮ್ಮೂರು."

ಪ್ರತಿ ಸಲ ಡಯಾಲಿಸಿಸ್ ಮುಗಿದ ಮೇಲೆ ಅವರು ಕೊಳವೆಯ ಬಾಯನ್ನು ಅಯೋಡಿನ್ನಿನಿಂದ ಒರೆಸಿ, ಒಳಗೆ ಒಂದು ಔಷಧಿ ತುಂಬಿ ಮುಚ್ಚುತ್ತಿದ್ದರು. ಮುಂದಿನ ಸಲ ಮೊದಲು ಅದನ್ನು ಸಿರಿಂಜಿನಲ್ಲಿ ಎಳೆದು ಚೆಲ್ಲುತ್ತಿದ್ದರು. ಯಾಕೆಂದು ಕೇಳಿದೆ.

"ರಕ್ತ ಹೆಪ್ಪುಗಟ್ಟದಂಗೆ ಇಟ್ಟಿರೋ ಮದ್ದು, ತಂಬಿ. ಕೊಳಾಯಿ ಒಳಗಿದ್ರೆ ಕಾವಲು. ಮೈಯೊಳಗೆ ಹೋದ್ರೆ ರಕ್ತ ನಿಲ್ಲಾಕಿಲ್ಲ."

ಒಮ್ಮೆ ಜ್ವರ ಬಂದು ಅವ್ವನನ್ನು ಅಲ್ಲೇ ವಾರ್ಡಿಗೆ ಸೇರಿಸಿದೆವು. ಡ್ರಿಪ್ಪಿಗೆ ಕೈಯಲ್ಲಿ ನರ ಸಿಗಲಿಲ್ಲ. ಹೊಸದಾಗಿ ಬಂದಿದ್ದ ಡಾಕ್ಟರು ಕುತ್ತಿಗೆಯ ಕೊಳವೆಗೇ ಔಷಧಿ ತಳ್ಳಿದರು. ಒಳಗಿದ್ದುದನ್ನು ಎಳೆದು ಚೆಲ್ಲಲಿಲ್ಲ. ಪಕ್ಕದಲ್ಲೇ ನಿಂತಿದ್ದ ನನಗೆ ಅದು ಕಂಡಿತು. ಡಾಕ್ಟರಿಗೆ ನಾನೇನು ಹೇಳುವುದು ಎಂದು ಸುಮ್ಮನಾದೆ...

ಸ್ವಲ್ಪ ಹೊತ್ತಿಗೆ ಅವ್ವನ ಒಸಡಿನಲ್ಲಿ ರಕ್ತ ಜಿನುಗಿತು. ಕುತ್ತಿಗೆಯ ಪಟ್ಟಿ ಕೆಂಪಗೆ ತೊಯ್ದಿತು. "ಕಾಯಿಲೆ ಏರಿದೆ" ಎಂದರು ವಾರ್ಡಿನವರು. ನಾನು ಡಯಾಲಿಸಿಸ್ ಕೋಣೆಗೆ ಓಡಿದೆ.

ನರ್ಸಮ್ಮ ಬಂದು ನೋಡಿದ್ದೇ, "ಮೊದಲು ಎಳೆದು ಚೆಲ್ಲಿದ್ರಾ ಡಾಕ್ಟರ್?" ಎಂದು ತಮಿಳಿನಲ್ಲಿ ಕೇಳಿದರು. ಆ ಹೊಸ ಡಾಕ್ಟರು ಇಲ್ಲವೆಂದು ತಲೆಯಾಡಿಸಿದರು. ನರ್ಸಮ್ಮ ದೊಡ್ಡ ಡಾಕ್ಟರನ್ನು ಕರೆಸಿ, ಆ ಮದ್ದನ್ನು ಮುರಿಯುವ ಇಂಜೆಕ್ಷನ್ ಕೊಡಿಸಿದರು. ಸಂಜೆಯವರೆಗೂ ಅವ್ವನ ಕುತ್ತಿಗೆಗೆ ಹತ್ತಿ ಒತ್ತಿ ಹಿಡಿದು ಕೂತರು. ರಕ್ತ ನಿಂತಿತು.

ಆಮೇಲೆ ಎಲ್ಲರೆದುರೇ ನನಗೆ ಹೇಳಿದರು: "ಇದು ಕಾಯಿಲೆ ಅಲ್ಲ ತಂಬಿ, ನಮ್ಮ ತಪ್ಪು. ಕೊಳಾಯಿ ಮೇಲೆ ಚೀಟಿ ಅಂಟಿಸ್ಬೇಕಿತ್ತು ನಾನು."

ದೊಡ್ಡ ಡಾಕ್ಟರಿಗೆ ಆ ಮಾತು ಹಿಡಿಸಲಿಲ್ಲ. ನರ್ಸಮ್ಮ ಲೆಕ್ಕಿಸಲಿಲ್ಲ. ಮರುದಿನದಿಂದ ಎಲ್ಲ ರೋಗಿಗಳ ಕೊಳವೆಗೂ ಕೆಂಪು ಮಸಿಯ ಚೀಟಿ ಬಂತು: ಒಳಗೆ ಮದ್ದಿದೆ, ಎಳೆದು ಚೆಲ್ಲದೆ ಏನೂ ಹಾಕಬೇಡಿ. ಆ ಹೊಸ ಡಾಕ್ಟರು ಅವ್ವನ ಬಳಿ ಬಂದು ತಲೆ ತಗ್ಗಿಸಿ ನಿಂತರು. ಅವ್ವ, "ಕಲ್ತ್ಕೊಂಡ್ಯಲ್ಲ ಮಗಾ, ಸಾಕು ಬುಡು" ಎಂದಳು.

ಅವ್ವ ಇನ್ನೂ ಎರಡು ವರ್ಷ ಬದುಕಿದಳು. ಸತ್ತ ಸುದ್ದಿ ತಿಳಿದು ನರ್ಸಮ್ಮ ಕಂಬಂವರೆಗೂ ಬಂದು, ನಮ್ಮ ಹೆಂಗಸರ ಜೊತೆ ಕೂತು ಅತ್ತರು.

ಹೋದ ವರ್ಷ ವೇದಸಂದೂರಿನ ಕಡೆ ಹೋದಾಗ ಅವರ ಊರು ಹುಡುಕಿದೆ. ತೀರಿಕೊಂಡು ಆಗಲೇ ಬಹಳ ದಿನವಾಗಿತ್ತು. ಅಂದು ಅವರು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡಾಗ, "ನನಗೂ ಗೊತ್ತಿತ್ತು, ಕಂಡೂ ಬಾಯಿ ಬಿಡಲಿಲ್ಲ" ಎಂದು ನಾನು ಹೇಳಬೇಕಿತ್ತು. ಹೇಳಲು ಈಗ ಅವರಿಲ್ಲ.